ನರವೈವಿಧ್ಯವುಳ್ಳ ಎಂಜಿನಿಯರುಗಳಿಗಾಗಿ ದೇಣಿಗೆ ಅಭಿಯಾನ: ಬೆಂಗಳೂರಿನಲ್ಲಿ ಇಂಥದೊಂದು ನಿಧಿ ಏಕಿಲ್ಲ?

ತರಂಗಾಂತರ
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ರೇಡಿಯೋ ಸರ್ಕ್ಯೂಟುಗಳ ವಿನ್ಯಾಸದ ಕೆಲಸ ಮಾಡುತ್ತೇನೆ, ಬ್ರಿಟನ್ ಮೂಲದ ಎಂಜಿನಿಯರುಗಳ ಸಂಸ್ಥೆಯಾದ ಐಇಟಿಯ ಸದಸ್ಯನೂ ಹೌದು. ಐಇಟಿ ಸದಸ್ಯರ ನೆರವಿಗೆಂದೇ ಇರುವ ಫುಟ್‌ಹೋಲ್ಡ್ ಎಂಬ ಬ್ರಿಟಿಷ್ ದತ್ತಿ ಸಂಸ್ಥೆಯು ನರವೈವಿಧ್ಯವುಳ್ಳ, ಅಂದರೆ ಮೆದುಳು ಕೆಲಸ ಮಾಡುವ ರೀತಿ ಬಹುಪಾಲು ಜನರಿಗಿಂತ ಭಿನ್ನವಾಗಿರುವ ಎಂಜಿನಿಯರುಗಳಿಗಾಗಿ ಒಂದು ಅಭಿಯಾನ ನಡೆಸುತ್ತಿರುವುದನ್ನು ಈಚೆಗೆ ಓದಿದೆ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ಡಿಸ್‌ಲೆಕ್ಸಿಯಾ (ಓದು ಬರಹದ ತೊಡಕು), ಡಿಸ್‌ಪ್ರಾಕ್ಸಿಯಾ (ಕೈಕಾಲುಗಳ ಚಲನೆಯ ಹೊಂದಾಣಿಕೆಯ ತೊಡಕು) ಇರುವವರಿಗೆ, ತಮಗೆ ಇರಬಹುದೆಂದು ಅನುಮಾನಿಸುವವರಿಗೆ ಸಲಹೆ, ಪ್ರಾಥಮಿಕ ತಪಾಸಣೆ, ಕೆಲಸದ ಜಾಗದಲ್ಲಿ ಬೇಕಾಗುವ ಮಾರ್ಗದರ್ಶನ ಇವನ್ನೆಲ್ಲ ದೇಣಿಗೆಯ ಹಣದಿಂದ ಒದಗಿಸುವುದು ಅದರ ಉದ್ದೇಶ.

ನನ್ನ ಪ್ರಶ್ನೆ ಎರಡು. ಇಂಥ ಅಭಿಯಾನಕ್ಕೆ ಇಲ್ಲಿಂದ ಹಣ ಕಳಿಸುವುದರಲ್ಲಿ ಅರ್ಥವಿದೆಯೇ? ಮತ್ತು ದೇಶದಲ್ಲಿ ಎಂಜಿನಿಯರುಗಳು ಇಷ್ಟೊಂದು ಕಿಕ್ಕಿರಿದ ಇನ್ನೊಂದು ಊರು ಸಿಗುವುದೇ ಕಷ್ಟ ಎನ್ನುವಂತಿರುವ ಬೆಂಗಳೂರಿನಲ್ಲಿ ಎಂಜಿನಿಯರುಗಳೇ ಸೇರಿ ನಡೆಸುವ ಇಂಥದೊಂದು ನಿಧಿ ಏಕೆ ಕಾಣುವುದಿಲ್ಲ? ನನ್ನ ಕಚೇರಿಯಲ್ಲಿ ನಡೆಯುವುದು ಇಷ್ಟೇ: ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನದಂದು ಎಲ್ಲರೂ ನೀಲಿ ಅಂಗಿ ತೊಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ, ಅಕ್ಟೋಬರ್ 10ರಂದು ಮನಸ್ಸಿನ ಆರೋಗ್ಯದ ಮೇಲೊಂದು ಉಪನ್ಯಾಸ ಕೇಳುತ್ತೇವೆ, ಮರುದಿನ ಅದೇ ಗದ್ದಲದ ಹಜಾರದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತೇವೆ.

ಡರ್ಬಿವಾಸಿ
ನಾನು ಇಂಗ್ಲೆಂಡಿನಲ್ಲಿ ರೈಲು ಸಿಗ್ನಲಿಂಗ್ ಕ್ಷೇತ್ರದಲ್ಲಿದ್ದೇನೆ, ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಫುಟ್‌ಹೋಲ್ಡ್ ಹೊಸ ಹೆಸರು, ಸಂಸ್ಥೆ ಹಳೆಯದು. 1890ರಿಂದ ಇದೆ, ಮೊದಲು ಐಇಟಿ ಬೆನೆವಲೆಂಟ್ ಫಂಡ್, ಅಂದರೆ ನೆರವಿನ ನಿಧಿ ಎಂದೇ ಕರೆಯುತ್ತಿದ್ದರು. ಇಲ್ಲಿನ ಸಿವಿಲ್ ಎಂಜಿನಿಯರುಗಳಿಗೆ ಅದಕ್ಕಿಂತಲೂ ಹಳೆಯ ನಿಧಿಯಿದೆ. ಇವೆಲ್ಲ ಹುಟ್ಟಿದ್ದು ಸತ್ತ ಎಂಜಿನಿಯರನ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದೆಂದು. ಕಾಲ ಸರಿದಂತೆ ಕಷ್ಟದ ರೂಪ ಬದಲಾಯಿತು, ನಿಧಿಯ ಕೆಲಸವೂ ಬದಲಾಯಿತು.

ನರವೈವಿಧ್ಯವನ್ನೇ ಏಕೆ ಆರಿಸಿಕೊಂಡರು ಎನ್ನುವುದಕ್ಕೆ ಕಾರಣವಿದೆ. ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯಲ್ಲಿ ದೊಡ್ಡವರ ಎಡಿಎಚ್‌ಡಿ ಅಥವಾ ಆಟಿಸಂ ತಪಾಸಣೆಗೆ ಅನೇಕ ಊರುಗಳಲ್ಲಿ ವರ್ಷಗಟ್ಟಲೆ ಕಾಯಬೇಕು. ಖಾಸಗಿಯಾಗಿ ಮಾಡಿಸಲು ಎಲ್ಲರ ಬಳಿ ಹಣವಿಲ್ಲ. ಆ ನಡುವಿನ ಕಾಲದಲ್ಲಿ ಮನುಷ್ಯ ಕೆಲಸ ಕಳೆದುಕೊಳ್ಳುತ್ತಾನೆ. ದತ್ತಿ ಸಂಸ್ಥೆಗಳು ಒದಗುವುದು ಆ ಕಂದಕದಲ್ಲಿ. ಕಾನೂನು ಇಲ್ಲವೆಂದಲ್ಲ, 2010ರ ಸಮಾನತಾ ಕಾಯ್ದೆಯ ಪ್ರಕಾರ ಉದ್ಯೋಗದಾತರು ಸೂಕ್ತ ಹೊಂದಾಣಿಕೆಗಳನ್ನು ಮಾಡಿಕೊಡಲೇಬೇಕು. ಅಕ್ಸೆಸ್ ಟು ವರ್ಕ್ ಎಂಬ ಸರ್ಕಾರಿ ಯೋಜನೆಯಿಂದ ಉಪಕರಣಕ್ಕೂ ತರಬೇತುದಾರರಿಗೂ ಹಣ ಸಿಗುತ್ತದೆ, ಅದಕ್ಕೆ ವೈದ್ಯರ ನಿರ್ಣಯಪತ್ರವೂ ಕಡ್ಡಾಯವಲ್ಲ. ಆದರೆ ಕಾಗದಪತ್ರ ತುಂಬುವುದೇ ಎಡಿಎಚ್‌ಡಿ ಇರುವವನಿಗೆ ಬೆಟ್ಟ ಹತ್ತಿದಂತೆ. ಪಕ್ಕದಲ್ಲಿ ಕೂತು ಅರ್ಜಿ ತುಂಬಿಸುವ ಒಬ್ಬ ಮನುಷ್ಯ ಬೇಕಾಗುತ್ತದೆ.

ನಿಷ್ಠುರವಾದಿ
ಕ್ಷಮೆಯಿರಲಿ, ಕೇಳಲೇಬೇಕಾದ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಪೌರಕಾರ್ಮಿಕರಿಗೆ ಕೈಗವಸು ಇಲ್ಲದ ನಾಡಿನಲ್ಲಿ ಎಂಜಿನಿಯರುಗಳಿಗೆ ದಾನ ಬೇಕೇ? ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವವರು ತಮ್ಮ ತಪಾಸಣೆಯನ್ನು ತಾವೇ ಮಾಡಿಸಿಕೊಳ್ಳಬಹುದು.

ಹಳೇಗ್ರಿಡ್
ನಿಷ್ಠುರವಾದಿಗಳಿಗೆ, ಎಂಜಿನಿಯರ್ ಎಂದೊಡನೆ ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡವೇ ನಿಮ್ಮ ಕಣ್ಣ ಮುಂದೆ ಬರುತ್ತದೆ. ನಾನು ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತನಾದವನು. ಗುತ್ತಿಗೆಯ ಮೇಲೆ ಉಪಕೇಂದ್ರದಲ್ಲಿ ರಾತ್ರಿಪಾಳಿ ಮಾಡುವ ಡಿಪ್ಲೊಮಾ ಹುಡುಗನೂ ಎಂಜಿನಿಯರೇ, ರಸ್ತೆ ಕಾಮಗಾರಿಯ ಬಿಸಿಲಲ್ಲಿ ನಿಂತು ಅಳತೆ ಪುಸ್ತಕ ಬರೆಯುವವಳೂ ಎಂಜಿನಿಯರೇ. ಅವರ ಕೈಗೆ ಬರುವ ಸಂಬಳ ಕೇಳಿದರೆ ನೀವು ಈ ಪ್ರಶ್ನೆ ಎತ್ತುತ್ತಿರಲಿಲ್ಲ.

ನನ್ನ ಕೈಕೆಳಗೆ ಒಬ್ಬ ಕಿರಿಯ ಎಂಜಿನಿಯರ್ ಇದ್ದ. ರಿಲೇ ಸೆಟ್ಟಿಂಗ್ ಲೆಕ್ಕ ಹಾಕುವುದರಲ್ಲಿ ಅವನ ಸಮಾನರು ಇರಲಿಲ್ಲ. ಲಾಗ್ ಪುಸ್ತಕ ಬರೆಯಲು ಹೇಳಿದರೆ ಮಾತ್ರ ಅಂಕಿಗಳು ಹಿಂದುಮುಂದಾಗುತ್ತಿದ್ದವು. ಮೂರು ಮೆಮೊ ಕೊಟ್ಟು ವೇತನ ಬಡ್ತಿ ತಡೆದರು. ಡಿಸ್‌ಲೆಕ್ಸಿಯಾ ಎಂಬುದೊಂದು ಇರಬಹುದು, ದೊಡ್ಡವರಲ್ಲೂ ಇರಬಹುದು ಎಂದು ಆ ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಲೈನ್‌ಮನ್ ವಿದ್ಯುತ್ ತಗುಲಿ ಸತ್ತರೆ ವಿಭಾಗದಲ್ಲಿ ಎಲ್ಲರೂ ಜೇಬಿಗೆ ಕೈ ಹಾಕುತ್ತಿದ್ದೆವು. ಅಂದರೆ ನಿಧಿಯ ಕಲ್ಪನೆ ನಮಗೆ ಹೊಸದೇನಲ್ಲ. ಸಾವಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ, ಬದುಕಿರುವವನ ಒದ್ದಾಟಕ್ಕೆ ತೆರೆದುಕೊಳ್ಳುವುದಿಲ್ಲ.

ಕಾವೇರಿಸೀಮೆ
ಹಳೇಗ್ರಿಡ್ ಅವರ ಕೊನೆಯ ವಾಕ್ಯಕ್ಕೆ ನನ್ನ ಸಹಿಯೂ ಇರಲಿ.

ಮಾನವಸಂಪನ್ಮೂಲ
ನಾನು ಒಂದು ಉತ್ಪನ್ನ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ನೀಲಿ ಅಂಗಿಯನ್ನು ಹಂಗಿಸುವುದು ಸುಲಭ. ಆದರೆ ಆ ದಿನದ ನೆಪದಿಂದಲೇ ಇಬ್ಬರು ಉದ್ಯೋಗಿಗಳು ನನ್ನ ಬಳಿ ಬಂದು ತಮ್ಮ ಸ್ಥಿತಿಯನ್ನು ಹೇಳಿಕೊಂಡರು, ಅವರಲ್ಲಿ ಒಬ್ಬರಿಗೆ ಸಭೆಗಳಿಲ್ಲದ ಮುಂಜಾನೆಗಳನ್ನು ಗೊತ್ತುಮಾಡಿಕೊಟ್ಟೆವು. ಇದಕ್ಕಾಗಿ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಬಳಸಿಕೊಳ್ಳಬಹುದಲ್ಲ, ಹೊಸ ನಿಧಿ ಏಕೆ?

ಜಮಾಖರ್ಚು
ಬಳಸಿಕೊಳ್ಳಲು ಬರುವುದಿಲ್ಲ. ಇಡೀ ಚರ್ಚೆಯ ಬೇರು ಇಲ್ಲಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು. ಆದರೆ ನಿಯಮಗಳು ಒಂದು ಬಾಗಿಲನ್ನು ಗಟ್ಟಿಯಾಗಿ ಮುಚ್ಚಿವೆ: ಕಂಪನಿಯ ಸ್ವಂತ ಉದ್ಯೋಗಿಗಳಿಗೆ ಲಾಭವಾಗುವ ಚಟುವಟಿಕೆ ಸಿಎಸ್‌ಆರ್ ಅಲ್ಲ.

ಇದು ಸರಿಯಾದ ನಿಯಮವೇ, ಇಲ್ಲದಿದ್ದರೆ ಎಲ್ಲರೂ ಕ್ಯಾಂಟೀನಿನ ಊಟವನ್ನೂ ಸಮಾಜಸೇವೆ ಎಂದು ಬರೆದುಕೊಳ್ಳುತ್ತಿದ್ದರು. ಆದರೆ ಅದರ ಫಲ ನೋಡಿ. ಕಂಪನಿಯು ಹೊರಗಿನ ಆಟಿಸಂ ಶಾಲೆಗೆ ಕೊಟ್ಟದ್ದು ವಾರ್ಷಿಕ ವರದಿಯಲ್ಲಿ ಚಿತ್ರಸಮೇತ ಅಚ್ಚಾಗುತ್ತದೆ. ಅದೇ ಕಂಪನಿಯ ನಾಲ್ಕನೇ ಮಹಡಿಯಲ್ಲಿ ಕೂತಿರುವ ಆಟಿಸಂ ಇರುವ ಎಂಜಿನಿಯರನಿಗೆ ಬೇಕಾದದ್ದು ಮಾತ್ರ ಸಿಬ್ಬಂದಿ ವಿಭಾಗದ ಬಜೆಟ್ಟಿನಿಂದ ಬರಬೇಕು, ಆ ಬಜೆಟ್ಟು ಮೊದಲು ಕತ್ತರಿ ಬೀಳುವ ಜಾಗ. ಅಭಿಯಾನಗಳು ಯಾವಾಗಲೂ ಮಕ್ಕಳ ಸುತ್ತಲೇ ಸುತ್ತುತ್ತವೆ, ದೊಡ್ಡವರು ಅವುಗಳಲ್ಲಿ ಕಾಣುವುದಿಲ್ಲ ಎಂಬ ದೂರಿಗೆ ಕರುಣೆಯಷ್ಟೇ ಕಾರಣವಲ್ಲ, ಲೆಕ್ಕಪತ್ರವೂ ಕಾರಣ.

ಮಾನವಸಂಪನ್ಮೂಲ
ವಿವರಣೆಗೆ ಧನ್ಯವಾದ. ಹಾಗಾದರೂ ಆರೋಗ್ಯ ವಿಮೆ ಇದೆಯಲ್ಲ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ದೈಹಿಕ ಕಾಯಿಲೆಗೆ ಸಮನಾಗಿ ವಿಮೆ ಕೊಡಬೇಕೆಂದು ಹೇಳುತ್ತದೆ.

ಬೆಳಗಾಂಕುಂದಾ
ಕಾಯ್ದೆ ಹೇಳುತ್ತದೆ, ಆದರೆ ನಮ್ಮ ಬಹುತೇಕ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಎಡಿಎಚ್‌ಡಿ ತಪಾಸಣೆಗೆ ಯಾರು ತಾನೇ ಹಾಸಿಗೆ ಹಿಡಿದು ಮಲಗುತ್ತಾರೆ? ಮನಶ್ಶಾಸ್ತ್ರಜ್ಞರೊಂದಿಗಿನ ದೀರ್ಘ ಮಾತುಕತೆ, ಪರೀಕ್ಷೆಗಳು, ಆಮೇಲಿನ ತರಬೇತಿ ಎಲ್ಲವೂ ಕೈಯಿಂದಲೇ ಹೋಗುತ್ತವೆ.

ನನ್ನದೇ ಸಂಗತಿ ಹೇಳುವುದಾದರೆ, ಮೂವತ್ತು ದಾಟಿದ ಮೇಲೆ ನನಗೆ ಎಡಿಎಚ್‌ಡಿ ಎಂದು ಗೊತ್ತಾಯಿತು. ಕಾಲೇಜಿನಲ್ಲಿ ಚಿನ್ನದ ಪದಕ ಪಡೆದವಳಿಗೆ ಗಮನದ ತೊಂದರೆ ಎಂದರೆ ನಂಬುವವರು ಯಾರು? ಮೊದಲು ಭೇಟಿಯಾದ ವೈದ್ಯರು, ಮದುವೆಯಾದ ಹೊಸತರಲ್ಲಿ ಹೀಗಾಗುತ್ತದೆ ಎಂದರು. ನಿರ್ಣಯವಾದ ನಂತರ ಮೀಥೈಲ್‌ಫೆನಿಡೇಟ್ ಬರೆದುಕೊಟ್ಟರು. ಅದು ನಮ್ಮಲ್ಲಿ ಶೆಡ್ಯೂಲ್ ಎಕ್ಸ್ ಎಂಬ ಕಟ್ಟುನಿಟ್ಟಿನ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಿ, ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಇಷ್ಟು ತಾಪತ್ರಯ ಬೇಡವೆಂದು ಬಹಳ ಅಂಗಡಿಗಳು ಅದನ್ನು ಇಡುವುದೇ ಇಲ್ಲ. ಎಲ್ಲಿ ಸಿಗುತ್ತದೆ ಎಂದು ಹುಡುಕಿ ಅಲೆಯುವ ಕೆಲಸಕ್ಕೆ ಬೇಕಾದದ್ದು ಗಮನ ಮತ್ತು ತಾಳ್ಮೆ, ಅವೆರಡೂ ಇದ್ದಿದ್ದರೆ ಆ ಔಷಧಿಯೇ ಬೇಕಾಗುತ್ತಿರಲಿಲ್ಲ. ಇದನ್ನು ನಾನು ಕಂಪನಿಗೆ ಹೇಳಿಲ್ಲ, ಹೇಳುವ ಉದ್ದೇಶವೂ ಇಲ್ಲ. ವಾರ್ಷಿಕ ಮೌಲ್ಯಮಾಪನ ಮಾಡುವವರ ಕೈಯಲ್ಲೇ ನನ್ನ ಗುಟ್ಟನ್ನು ಇಡುವಷ್ಟು ಧೈರ್ಯ ನನಗಿಲ್ಲ. ನೆರವು ಕಂಪನಿಯ ಹೊರಗಿನಿಂದ ಬರಬೇಕು ಎನ್ನುವುದು ಇದಕ್ಕಾಗಿಯೇ.

ಡರ್ಬಿವಾಸಿ
ಔಷಧಿಯ ಪಾಡು ಇಲ್ಲಿಯೂ ಅದೇ. 2023ರ ಸೆಪ್ಟೆಂಬರಿನಲ್ಲಿ ಎಡಿಎಚ್‌ಡಿ ಔಷಧಿಗಳ ಕೊರತೆಯಾಗಿ ರಾಷ್ಟ್ರಮಟ್ಟದ ಎಚ್ಚರಿಕೆ ಹೊರಡಿಸಬೇಕಾಯಿತು. ಆದರೆ ಗುಟ್ಟಿನ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ನಿಜ. ಬೆನೆವಲೆಂಟ್ ಫಂಡಿನ ಬಲವಿರುವುದು ಅದು ಉದ್ಯೋಗದಾತರಿಗೆ ಸೇರಿದ್ದಲ್ಲ ಎಂಬುದರಲ್ಲಿ.

ನಿಷ್ಠುರವಾದಿ
ಹಣದ ಪ್ರಶ್ನೆಯನ್ನು ಸದ್ಯಕ್ಕೆ ಬಿಡುತ್ತೇನೆ, ಹಳೇಗ್ರಿಡ್ ಅವರ ಮಾತಿನಲ್ಲಿ ಹುರುಳಿದೆ. ಆದರೆ ಇನ್ನೊಂದು ಅನುಮಾನ. ಎಲ್ಲ ಎಂಜಿನಿಯರುಗಳೂ ಸ್ವಲ್ಪ ಆಟಿಸಂ ಇರುವವರೇ ಎಂದು ಎಷ್ಟೋ ಕಡೆ ಓದಿದ್ದೇನೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಎಂಬ ತಂತ್ರಜ್ಞಾನದ ಊರಿನಲ್ಲಿ ಮಕ್ಕಳಲ್ಲಿ ಆಟಿಸಂ ಹೆಚ್ಚು ಎಂಬ ಅಧ್ಯಯನವೂ ಇದೆ. ಹಾಗಾದರೆ ಇದು ವೃತ್ತಿಯ ಸಹಜ ಸ್ವಭಾವವಲ್ಲವೇ? ಸ್ವಭಾವಕ್ಕೆ ಅಭಿಯಾನವೇ?

ಮನೋವಿಜ್ಞಾನಿ
ಆ ಅಧ್ಯಯನ 2012ರದು. ಹತ್ತು ಸಾವಿರ ಮಕ್ಕಳಿಗೆ ಐಂಡ್‌ಹೋವನ್‌ನಲ್ಲಿ 229, ಅದೇ ದೇಶದ ಹಾರ್ಲೆಮ್‌ನಲ್ಲಿ 84, ಯುಟ್ರೆಕ್ಟ್‌ನಲ್ಲಿ 57 ಎಂಬ ಅಂಕಿಗಳು ಅದರಲ್ಲಿವೆ. ಆದರೆ ಅವು ಶಾಲೆಗಳು ವರದಿ ಮಾಡಿದ ಅಂಕಿಗಳು, ಸಂಶೋಧಕರು ಪ್ರತಿ ಮಗುವನ್ನೂ ಕೂರಿಸಿ ಪರೀಕ್ಷಿಸಿದ್ದಲ್ಲ. ತಿಳಿವಳಿಕೆಯುಳ್ಳ ಪೋಷಕರು ಹೆಚ್ಚಿರುವ ಊರಿನಲ್ಲಿ ನಿರ್ಣಯವೂ ಹೆಚ್ಚಾಗಬಹುದು. ಅದಕ್ಕೂ ಮೊದಲು, 1997ರಲ್ಲಿ ಬ್ರಿಟಿಷ್ ಮನೋವಿಜ್ಞಾನಿ ಸೈಮನ್ ಬ್ಯಾರನ್ ಕೋಹೆನ್ ಮತ್ತು ಸಂಗಡಿಗರು ಆಟಿಸಂ ಇರುವ ಮಕ್ಕಳ ತಂದೆಯರಲ್ಲಿ ಎಂಜಿನಿಯರುಗಳ ಪಾಲು ಶೇಕಡಾ 12.5 ಎಂದೂ ಉಳಿದ ಮಕ್ಕಳ ತಂದೆಯರಲ್ಲಿ ಅದು ಶೇಕಡಾ 5 ಎಂದೂ ಬರೆದಿದ್ದರು. ಈ ಅಂಕಿಯನ್ನು ಒಪ್ಪಿಕೊಂಡರೂ ಉಳಿದ ಶೇಕಡಾ 87.5 ಮಂದಿ ಎಂಜಿನಿಯರುಗಳಲ್ಲ ಎನ್ನುವುದನ್ನು ನೆನಪಿಡಬೇಕು.

"ಎಲ್ಲರೂ ಸ್ವಲ್ಪ ಹಾಗೆಯೇ" ಎಂಬ ಮಾತು ಮೇಲುನೋಟಕ್ಕೆ ಸಾಂತ್ವನದಂತೆ ಕಾಣುತ್ತದೆ. ಆದರೆ ಬೆಳಕು, ಸದ್ದು, ದಿಢೀರ್ ಬದಲಾವಣೆಗಳಿಂದ ಸಂಜೆಯ ಹೊತ್ತಿಗೆ ಮಾತೇ ಹೊರಡದಂತಾಗುವವನಿಗೆ ಅದನ್ನು ಹೇಳಿದರೆ, ನಾವೆಲ್ಲ ತಡೆದುಕೊಳ್ಳುತ್ತಿಲ್ಲವೇ, ನಿನಗೇನು ಎಂದು ಕೇಳಿದಂತಾಗುತ್ತದೆ. ಕೆಲವು ಅಭಿಯಾನಗಳು ಇದೇ ತಪ್ಪನ್ನು ತಿರುವುಮುರುವಾಗಿ ಮಾಡುತ್ತವೆ. ಆಟಿಸಂ ಎಂದರೆ ಅಪೂರ್ವ ಪ್ರತಿಭೆ, ದೋಷ ಹುಡುಕುವ ಹದ್ದಿನ ಕಣ್ಣು ಎಂದು ಪೋಸ್ಟರ್ ಹಚ್ಚುತ್ತವೆ. ಸಾಧಾರಣ ಎಂಜಿನಿಯರನಾಗಿ ಸಾಧಾರಣ ಕೆಲಸ ಮಾಡಿಕೊಂಡಿರುವ ಹಕ್ಕೂ ಅವರಿಗಿದೆ.

ಇಬ್ಬರಮಕ್ಕಳತಾಯಿ
ಕೊನೆಯ ವಾಕ್ಯಕ್ಕೆ ವಂದನೆ. ನನ್ನ ಹಿರಿಯ ಮಗ ಆಟಿಸಂ ಇರುವವನು, ಈಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ. ಸಂದರ್ಶನಕ್ಕೆ ಬಂದ ಕಂಪನಿಯವರು ಅವನನ್ನು ಕೇಳಿದ್ದು, ನಿನಗೆ ಯಾವ ವಿಶೇಷ ಶಕ್ತಿ ಇದೆ ಎಂದು. ಅವನು, ನನಗೆ ಪೈಥಾನ್ ಬರುತ್ತದೆ ಎಂದ. ಕೆಲಸ ಸಿಗಲಿಲ್ಲ.

ಜರ್ಮನಿಯ ತಂತ್ರಾಂಶ ಕಂಪನಿ ಎಸ್‌ಎಪಿ 2013ರಲ್ಲಿ ಆಟಿಸಂ ಇರುವವರ ನೇಮಕಾತಿ ಯೋಜನೆಯನ್ನು ಘೋಷಿಸಿ, ಬೆಂಗಳೂರಿನ ಕೇಂದ್ರದಲ್ಲಿಯೂ ಅಂಥವರನ್ನು ತೆಗೆದುಕೊಂಡಿದ್ದರಿಂದ ನಮ್ಮಂಥ ಪೋಷಕರಿಗೆ ಆಗ ಆಸೆ ಮೂಡಿತ್ತು. 2020ರೊಳಗೆ ಒಟ್ಟು ಸಿಬ್ಬಂದಿಯ ಶೇಕಡಾ 1ರಷ್ಟು ಎಂಬ ಗುರಿಯನ್ನು ಅವರು ಹಾಕಿಕೊಂಡಿದ್ದರು, ಅಷ್ಟು ದೂರ ಅದು ಹೋಗಲಿಲ್ಲ. ಆದರೂ ಸಂದರ್ಶನದ ಬದಲು ಕೆಲಸ ಮಾಡಿಸಿ ನೋಡುವ ಕ್ರಮ ಹೆಚ್ಚು ಜನರ ಕಿವಿಗೆ ಬಿದ್ದಿತು. ಬೆಂಗಳೂರಿನಲ್ಲಿ 1999ರಿಂದ ಅಂಗವಿಕಲರ ಉದ್ಯೋಗಕ್ಕಾಗಿಯೇ ದುಡಿಯುತ್ತಿರುವ ಎನೇಬಲ್ ಇಂಡಿಯಾ ಇದೆ. ಹೊಸ ನಿಧಿ ಮಾಡುವವರು ಮೊದಲು ಅಂಥವರ ಬಾಗಿಲು ತಟ್ಟಿ, ಏನು ಕೊರತೆಯಿದೆ ಎಂದು ಕೇಳಲಿ.

ಹುಬ್ಬಳ್ಳಿಹುಡುಗ
ಸರ್ಕಾರಿ ನೌಕರಿಯ ದಾರಿ ಏನಾಯಿತು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಆಟಿಸಂ ಇದೆ.

ಜಮಾಖರ್ಚು
ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಶೇಕಡಾ 4ರ ಮೀಸಲಾತಿಯಲ್ಲಿ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ಅಂಗವೈಕಲ್ಯ ಇಷ್ಟಕ್ಕೂ ಸೇರಿ ಶೇಕಡಾ 1. ಎಡಿಎಚ್‌ಡಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಬೆಳಗಾಂಕುಂದಾ ಅವರಂಥವರಿಗೆ ಆ ಕಾಯ್ದೆಯ ಆಸರೆ ನೇರವಾಗಿ ಸಿಗುವುದು ಕಷ್ಟ. ದತ್ತಿ ನಿಧಿಗೆ ಇಲ್ಲಿ ಜಾಗವಿದೆ ಎನ್ನಲು ಇದೂ ಒಂದು ಕಾರಣ.

ತರಂಗಾಂತರ
ಚರ್ಚೆ ನಾನು ಎಣಿಸಿದ್ದಕ್ಕಿಂತ ಮುಂದೆ ಹೋಗಿದೆ. ಹಾಗಾದರೆ ಹೀಗೊಂದು ಸಲಹೆ: ಬೆಂಗಳೂರಿನ ಟೆನ್‌ಕೆ, ಅಂದರೆ ಹತ್ತು ಕಿಲೋಮೀಟರ್ ಓಟದಲ್ಲಿ ಪ್ರತಿ ವರ್ಷ ಎಷ್ಟೋ ದತ್ತಿ ಸಂಸ್ಥೆಗಳಿಗಾಗಿ ಜನ ಓಡಿ ಹಣ ಸಂಗ್ರಹಿಸುತ್ತಾರೆ. ನಾವೂ ಒಂದು ಚಿಕ್ಕ ಟ್ರಸ್ಟ್ ಮಾಡಿ, ಓಡಿ, ಹೊರದೇಶದ ಕನ್ನಡಿಗರಿಂದಲೂ ತೆಗೆದುಕೊಂಡು, ಎಂಜಿನಿಯರುಗಳ ತಪಾಸಣೆ ಮತ್ತು ಮಾರ್ಗದರ್ಶನಕ್ಕೆ ಕೊಟ್ಟರೆ ಹೇಗೆ?

ಮಾನವಸಂಪನ್ಮೂಲ
ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ಆರಂಭಿಸಬಹುದು. ವಿಶ್ವೇಶ್ವರಯ್ಯನವರ ಪ್ರತಿಮೆಗೆ ಹಾರ ಹಾಕುವುದರ ಜೊತೆಗೆ ಒಂದು ಕೆಲಸವೂ ಆದೀತು.

ಜಮಾಖರ್ಚು
ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ವೃತ್ತಿಧರ್ಮ. ಮೊದಲನೆಯದಾಗಿ, ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆಂದು ಹೇಳಿ ಹಣ ಕೇಳುತ್ತೀರಿ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಆ ವಿನಾಯಿತಿ ಇಲ್ಲ, ಸಂಬಳದಾರ ಎಂಜಿನಿಯರುಗಳಲ್ಲಿ ಅನೇಕರು ಈಗಾಗಲೇ ಆ ಕಡೆ ಹೋಗಿಬಿಟ್ಟಿದ್ದಾರೆ. ಇನ್ನು ಹೊರದೇಶದ ಹಣ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಟ್ರಸ್ಟ್ ವಿದೇಶಿ ದೇಣಿಗೆಯನ್ನು ಮುಟ್ಟುವಂತಿಲ್ಲ. ನೋಂದಣಿ ಸಿಕ್ಕರೂ 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ಡರ್ಬಿವಾಸಿ
ಹಾಗಾದರೆ ನಾನು ನೂರು ಪೌಂಡ್ ಕಳಿಸಿದರೂ ಅಪರಾಧವೇ?

ಜಮಾಖರ್ಚು
ನಿಮ್ಮ ಕೈಯಲ್ಲಿರುವ ಪಾಸ್‌ಪೋರ್ಟ್ ಯಾವುದು ಎನ್ನುವುದರ ಮೇಲೆ ನಿಂತಿದೆ. ಭಾರತೀಯ ನಾಗರಿಕರಾಗಿಯೇ ಉಳಿದಿದ್ದರೆ ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಬಹುದು, ಅದನ್ನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ಬ್ರಿಟಿಷ್ ಪೌರತ್ವ ಪಡೆದು, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಹೊಂದಿದ್ದರೆ ನೀವು ವಿದೇಶಿ ಮೂಲ.

ಡರ್ಬಿವಾಸಿ
ಒಸಿಐ. ಕನ್ನಡದಲ್ಲಿ ಜಗಳವಾಡಬಹುದು, ಕನ್ನಡಿಗ ಎಂಜಿನಿಯರನಿಗೆ ಹಣ ಕೊಡಬಾರದು ಎಂದಾಯಿತು. ಇರಲಿ, ನಾನು ಫುಟ್‌ಹೋಲ್ಡ್‌ಗೇ ಕೊಡುತ್ತೇನೆ. ಇಲ್ಲಿ ಗಿಫ್ಟ್ ಏಡ್ ಇರುವುದರಿಂದ ನಾನು ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಬೆಂಗಳೂರಿನಲ್ಲಿ ಐಇಟಿ ಕಚೇರಿಯಿದೆ, ಅಲ್ಲಿನ ಸದಸ್ಯರೂ ಅದೇ ಸಂಸ್ಥೆಯ ಸದಸ್ಯರು. ತರಂಗಾಂತರ ಅವರೇ, ಭಾರತದಲ್ಲಿರುವ ಸದಸ್ಯರಿಗೆ ಈ ಅಭಿಯಾನದಿಂದ ಏನೇನು ಸಿಗುತ್ತದೆ ಎಂದು ನೀವೇ ಬರೆದು ಕೇಳಿ. ಹೊಸ ಟ್ರಸ್ಟ್ ಕಟ್ಟುವ ಮೊದಲು ಇರುವ ಬಾಗಿಲು ಎಷ್ಟು ತೆರೆದಿದೆ ನೋಡುವುದು ಒಳ್ಳೆಯದು.

ಹಳೇಗ್ರಿಡ್
ಐಇಟಿ ಸದಸ್ಯತ್ವದ ಶುಲ್ಕ ಕಟ್ಟುವವರೇ ನಮ್ಮಲ್ಲಿ ಎಷ್ಟು ಮಂದಿ? ನಾನು ಹೇಳಿದ ಆ ಹುಡುಗನಂಥವರು ಅದರ ಹೆಸರನ್ನೂ ಕೇಳಿರುವುದಿಲ್ಲ. ಇಲ್ಲಿಯ ಹುಡುಗರಿಗೆ ಇಲ್ಲಿಯ ನಿಧಿಯೇ ಬೇಕು, ಕನ್ನಡದಲ್ಲಿ ಮಾತನಾಡುವ ನಿಧಿ ಬೇಕು.

ಮನೋವಿಜ್ಞಾನಿ
ಕನ್ನಡದ ಮಾತು ಬಂದಿದ್ದರಿಂದ ಒಂದು ಸಂಗತಿ. ಸಂಕಟದಲ್ಲಿರುವವರು ಯಾವ ನಿಧಿಗೂ ಕಾಯಬೇಕಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. 2022ರ ಅಕ್ಟೋಬರಿನಿಂದ ಇದೆ, ನಿಮ್ಹಾನ್ಸ್ ಅದರ ಕೇಂದ್ರಸ್ಥಾನದಲ್ಲಿದೆ. ಆದರೆ ಅದು ಆಪ್ತಸಲಹೆಗೆ, ದೊಡ್ಡವರ ಡಿಸ್‌ಲೆಕ್ಸಿಯಾ ತಪಾಸಣೆಗಲ್ಲ. ದತ್ತಿ ಹಣ ಹೋಗಬೇಕಾದದ್ದು ಇಂಥ ತಪಾಸಣೆಗೆ. ಪೋಸ್ಟರಿಗೆ, ಅಂಗಿಗೆ, ಉಪನ್ಯಾಸಕ್ಕೆ ಒಂದು ರೂಪಾಯಿಯೂ ಹೋಗಬಾರದು.

ಮಾನವಸಂಪನ್ಮೂಲ
ಪೋಸ್ಟರ್ ಇಲ್ಲದಿದ್ದರೆ ನಿಧಿ ಇದೆಯೆಂದು ತಿಳಿಯುವುದು ಹೇಗೆ? ಅಭಿಯಾನಕ್ಕೂ ಹಣ ಬೇಕು. ಈ ಒಂದು ವಿಷಯದಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಬೆಳಗಾಂಕುಂದಾ
ಅದಕ್ಕಿಂತ ದೊಡ್ಡ ಪ್ರಶ್ನೆ: ಅರ್ಜಿಗಳನ್ನು ನೋಡುವವರು ಯಾರು? ಎಂಜಿನಿಯರುಗಳೇ ನಡೆಸುವ ನಿಧಿಯ ಸಮಿತಿಯಲ್ಲಿ ನನ್ನ ವ್ಯವಸ್ಥಾಪಕರೇ ಕೂತಿದ್ದರೆ? ಬೆಂಗಳೂರು ಅಷ್ಟು ಚಿಕ್ಕ ಊರು. ಅರ್ಜಿಯಲ್ಲಿ ಕಂಪನಿಯ ಹೆಸರನ್ನು ಕೇಳಲೇಬಾರದು, ಹೆಸರಿನ ಬದಲು ಸಂಖ್ಯೆ ಇರಬೇಕು, ಹಣ ನೇರವಾಗಿ ತಪಾಸಣೆ ಮಾಡುವವರಿಗೆ ಹೋಗಬೇಕು. ನರವೈವಿಧ್ಯವುಳ್ಳವರು ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚಿರಬೇಕು. ಇವಿಷ್ಟು ಬರಹದಲ್ಲಿ ಬಂದರೆ ನಾನು ಮೊದಲ ತಿಂಗಳಿನಿಂದಲೇ ಕೊಡುತ್ತೇನೆ. ಬರದಿದ್ದರೆ ಕೊಡುವುದಿಲ್ಲ.

ನಿಷ್ಠುರವಾದಿ
ಅರ್ಧಕ್ಕಿಂತ ಹೆಚ್ಚು ಎನ್ನುವುದನ್ನು ಸಾಬೀತು ಮಾಡಲು ನಿರ್ಣಯಪತ್ರ ಕೇಳುತ್ತೀರಾ? ನಿರ್ಣಯಪತ್ರ ಇಲ್ಲದವರಿಗೆಂದೇ ಅಲ್ಲವೇ ಈ ನಿಧಿ?

ಬೆಳಗಾಂಕುಂದಾ
ಪತ್ರ ಕೇಳುವುದಿಲ್ಲ, ಅವರ ಮಾತನ್ನು ನಂಬುತ್ತೇವೆ. ಸುಳ್ಳು ಹೇಳಿಕೊಂಡು ಸಂಬಳವಿಲ್ಲದ ಸಮಿತಿಗೆ ಬರಲು ಯಾರಿಗೆ ಪುರುಸೊತ್ತಿದೆ?

ನಿಷ್ಠುರವಾದಿ
ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಚುನಾವಣೆಯನ್ನು ನೀವು ನೋಡಿಲ್ಲ.

ತರಂಗಾಂತರ
ಐಇಟಿಯ ಬೆಂಗಳೂರು ಕಚೇರಿಗೂ ಫುಟ್‌ಹೋಲ್ಡ್‌ಗೂ ಇವತ್ತು ಪತ್ರ ಬರೆದಿದ್ದೇನೆ, ಉತ್ತರ ಬಂದೊಡನೆ ಇಲ್ಲಿ ಹಾಕುತ್ತೇನೆ. ಬೆಳಗಾಂಕುಂದಾ ಅವರ ಷರತ್ತುಗಳನ್ನು ಆಧರಿಸಿ ಟ್ರಸ್ಟಿನ ಕರಡನ್ನು ಯಾರು ಬರೆಯುತ್ತೀರಿ? ಜಮಾಖರ್ಚು ಅವರೇ, ತಣ್ಣೀರು ಎರಚಿದವರು ನೀವು.

ಜಮಾಖರ್ಚು
ಬರೆಯುತ್ತೇನೆ, ಆದರೆ ಮಾರ್ಚ್ ಮುಗಿಯಲಿ. ಪೋಸ್ಟರಿನ ಖರ್ಚಿಗೆ ಮಿತಿಯೆಷ್ಟು ಎಂಬ ಜಾಗವನ್ನು ಖಾಲಿ ಬಿಡುತ್ತೇನೆ, ಮನೋವಿಜ್ಞಾನಿ, ಮಾನವಸಂಪನ್ಮೂಲ, ನೀವಿಬ್ಬರು ಅಷ್ಟರೊಳಗೆ ಜಗಳ ಮುಗಿಸಿಕೊಳ್ಳಿ.